ಚೆನ್ನೈಯ ಕನ್ನಡ ತರುಣ ಬರಹಗಾರರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಮಿತ್ರರೆ,

ಕಳೆದ ತಿಂಗಳು ತ್ಯಾಗರಾಯನಗರದಲ್ಲಿ ನಮ್ಮ ಕನ್ನಡಿಗರ ಸಭೆ ಮುಗಿದು ಜನರು ಚದುರುತ್ತಿದ್ದಾಗ ನಿಮ್ಮಲ್ಲಿ ಐದಾರು ಮಂದಿ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಕೇಳಿದ ಪ್ರಶ್ನೆಗೆ ನಾನು ಕೊಡತೊಡಗಿದ ಉತ್ತರ, ಕೊನೆಯ ಬಸ್ಸಿನ ವೇಳೆಯಾದುದರಿಂದ, ಅರ್ಧದಲ್ಲಿಯೇ ನಿಂತುಹೋಯಿತು. ಈ ಮಹಾನಗರದಲ್ಲಿ ನೆಲೆಸಿರುವ ಪ್ರಖ್ಯಾತ ಸಂಗೀತಗಾರರು, ಗಾಯಕರು, ಚಲನಚಿತ್ರ ನಿರ್ದೇಶಕರು, ಚಿತ್ರಕಲಾವಿದರು ಮೊದಲಾದವರನ್ನು ಕಂಡು ಮಾತನಾಡಿಸಿ, ಆ ಮಾತುಕತೆಯನ್ನು ಕನ್ನಡದಲ್ಲಿ ಬರೆದಿಡಬೇಕೆಂಬ ಹಂಬಲ ನಿಮ್ಮದು. ಬರೆದ ಪತ್ರಕ್ಕೆ ಉತ್ತರ ಬಾರದು. ದೂರವಾಣಿಯನ್ನು ಎತ್ತಿಕೊಂಡ ಕಾರ್ಯದರ್ಶಿಯು "ಆಮೇಲೆ ನೋಡೋಣ" ಎಂಬುದರಾಚೆಗೆ ಒಂದಕ್ಷರವನ್ನೂ ಆಡನು. ಮನೆಯವರೆಗೆ ಹೋದರೆ ಕಾವಲುಗಾರನು ಗೇಟಿನ ಸಂದಿಯಿಂದಲೇ ಹಿಂದಕ್ಕೆ ಕಳುಹಿಸುವನು ಎಂಬುದು ನಿಮ್ಮ ಅಳಲು. "ದೊಡ್ಡ ಪತ್ರಿಕೆಯ ಹೆಸರು ಬೆನ್ನಿಗಿಲ್ಲದ ನಮಗೆ, ಅದರಲ್ಲಿಯೂ ತಮಿಳುನಾಡಿನ ರಾಜಧಾನಿಯಲ್ಲಿ ಕುಳಿತು ಕನ್ನಡದಲ್ಲಿ ಬರೆಯತಕ್ಕ ನಮಗೆ, ಯಾರು ತಾನೆ ಅರ್ಧ ಗಂಟೆ ಕೊಟ್ಟಾರು?" ಎಂದು ನಿಮ್ಮಲ್ಲೊಬ್ಬಳು ಕೇಳಿದಳು. ಆ ಪ್ರಶ್ನೆಯ ಉತ್ತರಾರ್ಧವೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿದೆ. ಯಾವುದನ್ನು ನೀವು ನಿಮ್ಮ ಕೊರತೆಯೆಂದು ಭಾವಿಸಿರುವಿರೋ ಅದೇ ನಿಮ್ಮ ಕೈಯಲ್ಲಿರುವ ಬೀಗದಕೈ ಎಂಬುದು, ಮೂರು ದಶಕಗಳಿಗೂ ಹೆಚ್ಚು ಕಾಲ ಈ ಊರಿನ ಬಾಗಿಲುಗಳ ಮುಂದೆ ನಿಂತು, ಕೆಲವನ್ನು ತೆರೆಸಿ, ಹಲವನ್ನು ತೆರೆಸಲಾರದೆ ಹಿಂದಿರುಗಿದ ನನ್ನ ದೃಢವಾದ ನಂಬಿಕೆ.

ಪ್ರಸಿದ್ಧರಾದವರ ದಿನಚರಿಯನ್ನು ಅವರ ಕಡೆಯಿಂದ ಒಮ್ಮೆ ಆಲೋಚಿಸಿ ನೋಡಿ. ಬೆಳಗಾದರೆ ಅವರ ಬಳಿಗೆ ಬರುವವರೆಲ್ಲರೂ ಅವೇ ನಾಲ್ಕು ಪ್ರಶ್ನೆಗಳನ್ನು ಹೊತ್ತು ಬರುತ್ತಾರೆ: ನಿಮ್ಮ ಬಾಲ್ಯ ಹೇಗಿತ್ತು, ಈ ಕ್ಷೇತ್ರಕ್ಕೆ ಹೇಗೆ ಬಂದಿರಿ, ನಿಮಗೆ ಅತ್ಯಂತ ಪ್ರಿಯವಾದ ಕೃತಿ ಯಾವುದು, ಯುವಜನರಿಗೆ ನಿಮ್ಮ ಸಂದೇಶವೇನು. ಈ ಪ್ರಶ್ನೆಗಳಿಗೆ ಅವರು ಕೊಡುವ ಉತ್ತರಗಳು ನೂರಾರು ಬಾರಿ ಆಡಿ ಆಡಿ ನುಣುಪಾಗಿ, ನಾಣ್ಯದ ಮೇಲಿನ ಮುದ್ರೆ ಸವೆದುಹೋದಂತೆ, ಆಡಿದವರಿಗೂ ಕೇಳಿದವರಿಗೂ ಏನನ್ನೂ ತೋರದಂತಾಗಿವೆ. ಹೊಸಬನೊಬ್ಬನು ಪತ್ರ ಬರೆದನೆಂದರೆ ಅದರೊಳಗೆ ಇದೇ ನಾಲ್ಕು ಪ್ರಶ್ನೆಗಳು ಅಡಗಿ ಕುಳಿತಿವೆಯೆಂದು ಅವರು ಲಕೋಟೆ ಒಡೆಯದೆಯೇ ಬಲ್ಲರು. ಆದುದರಿಂದ ಅವರ ಮೌನವನ್ನು ಗರ್ವವೆಂದು ಎಣಿಸಬೇಡಿ. ಅದು ಬಹುಮಟ್ಟಿಗೆ ದಣಿವು. ಆ ದಣಿವನ್ನು ಹೋಗಲಾಡಿಸಬಲ್ಲ ಒಂದೇ ಒಂದು ಪ್ರಶ್ನೆ ನಿಮ್ಮಲ್ಲಿದ್ದರೆ ಪತ್ರಿಕೆಯ ಹೆಸರು ದೊಡ್ಡದೋ ಚಿಕ್ಕದೋ ಎಂಬುದನ್ನು ಯಾರೂ ವಿಚಾರಿಸರು.

ಅಂಥ ಪ್ರಶ್ನೆ ಎಲ್ಲಿ ದೊರೆತೀತು? ಈ ಊರಿನ ಚರಿತ್ರೆಯಲ್ಲಿ, ಅದೂ ಕನ್ನಡವನ್ನು ಬಲ್ಲವರಿಗೆ ಮಾತ್ರ ಓದಲು ಬರುವ ಪುಟಗಳಲ್ಲಿ. ಕನ್ನಡ ಚಲನಚಿತ್ರವು ಬೆಂಗಳೂರಿಗೆ ಸಂಸಾರ ಹೂಡುವ ಮುನ್ನ ಹಲವು ದಶಕಗಳ ಕಾಲ ಬಾಳಿದ್ದು ಕೋಡಂಬಾಕ್ಕಂ, ವಡಪಳನಿ, ಸಾಲಿಗ್ರಾಮಂಗಳ ಸ್ಟುಡಿಯೋಗಳಲ್ಲಿ ಎಂಬುದನ್ನು ನಿಮ್ಮ ಅಜ್ಜಂದಿರಿಂದ ಕೇಳಿ ಬಲ್ಲಿರಿ. 1954ರಲ್ಲಿ 'ಬೇಡರ ಕಣ್ಣಪ್ಪ' ತೆರೆಗೆ ಬಂದ ಬಳಿಕ ರಾಜ್‌ಕುಮಾರ್ ಅವರ ಬಾಳ್ವೆ ಬಹುಕಾಲ ನಡೆದದ್ದು ಈ ಊರಿನಲ್ಲಿ. 1962ರಲ್ಲಿ ಶಿವರಾಜ್‌ಕುಮಾರ್, 1975ರಲ್ಲಿ ಪುನೀತ್ ಹುಟ್ಟಿದ್ದು ಇಲ್ಲಿಯೇ. ಮಾಗಡಿಯ ಬಿ.ಎಸ್. ರಂಗಾ ಅವರು ಇಲ್ಲಿ ವಿಕ್ರಂ ಸ್ಟುಡಿಯೋ ನಡೆಸಿ, 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ 'ಅಮರಶಿಲ್ಪಿ ಜಕಣಾಚಾರಿ'ಯನ್ನು ತೆಗೆದರು. ಅದೇ ವರ್ಷ ಬೂದಿಕೋಟೆಯ ಬಿ.ಆರ್. ಪಂತುಲು ಅವರು ಮೇಲುಕೋಟೆಯಲ್ಲಿ ಹುಟ್ಟಿದ ಹದಿನಾರರ ಹುಡುಗಿಯೊಬ್ಬಳನ್ನು 'ಚಿನ್ನದ ಗೊಂಬೆ'ಯ ನಾಯಕಿಯನ್ನಾಗಿಸಿದರು. ಆ ಹುಡುಗಿ ಜಯಲಲಿತಾ. ಇವೆಲ್ಲ ಹಳೆಯ ಮಾತೆಂದು ಕೈಬಿಡಬೇಡಿ. ತಮಿಳು ಚಿತ್ರರಂಗವು ಇಂದಿಗೂ ಗುರುಸ್ಥಾನದಲ್ಲಿಟ್ಟು ಗೌರವಿಸುವ ಇಬ್ಬರು ನಿರ್ದೇಶಕರ ಮೊತ್ತಮೊದಲ ಚಿತ್ರಗಳು ಕನ್ನಡ ಚಿತ್ರಗಳೆಂಬುದನ್ನು ನಿಮ್ಮ ತಮಿಳು ಗೆಳೆಯರಲ್ಲಿ ಎಷ್ಟು ಮಂದಿ ಬಲ್ಲರು? ಬಾಲು ಮಹೇಂದ್ರ ಅವರು ಮೊದಲು ನಿರ್ದೇಶಿಸಿದ್ದು 1977ರ 'ಕೋಕಿಲ'ವನ್ನು; ಮಣಿರತ್ನಂ ಅವರು ಮೊದಲು ನಿರ್ದೇಶಿಸಿದ್ದು 1983ರ 'ಪಲ್ಲವಿ ಅನುಪಲ್ಲವಿ'ಯನ್ನು. ಆ ಎರಡನೆಯ ಚಿತ್ರಕ್ಕೆ ಛಾಯಾಗ್ರಹಣ ಮಾಡಿದವರು ಬಾಲು ಮಹೇಂದ್ರರೇ; ಸಂಗೀತ ಕೊಟ್ಟವರು ಇಳಯರಾಜ. ಆ ಇಳಯರಾಜ ಅವರಾದರೋ, 1976ರಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾಗಿ ಹೆಸರು ಗಳಿಸುವುದಕ್ಕೆ ಮುನ್ನ, ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಹಲವು ವರ್ಷ ದುಡಿದವರು. ವೆಂಕಟೇಶರ ಕೆಲಸದ ದೊಡ್ಡ ಪಾಲು ಕನ್ನಡ ಚಿತ್ರಗಳದ್ದು.

ಚಲನಚಿತ್ರವೊಂದೇ ಅಲ್ಲ. ಗಿರೀಶ ಕಾರ್ನಾಡರು 1963ರಿಂದ ಏಳು ವರ್ಷ ಈ ಊರಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನ ಸಂಸ್ಥೆಯ ಕೆಲಸದಲ್ಲಿದ್ದರು. 'ತುಘಲಕ್' ಅವರ ಮದರಾಸಿನ ದಿನಗಳ ನಾಟಕ. 1970ರ 'ಸಂಸ್ಕಾರ' ಚಿತ್ರವನ್ನು ಕಟ್ಟಿದ ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ, ಕಲಾನಿರ್ದೇಶಕರಾದ ಎಸ್.ಜಿ. ವಾಸುದೇವ್ ಮೊದಲಾದವರ ಗೆಳೆತನ ಬೆಳೆದದ್ದು ಮದರಾಸಿನ ರಂಗಭೂಮಿ ಮತ್ತು ಕಲಾವಿದರ ಬಳಗದಲ್ಲಿ. 1966ರಲ್ಲಿ ಸಮುದ್ರದ ದಂಡೆಯ ಮೇಲೆ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳ್ತನದಲ್ಲಿ ಎದ್ದು ನಿಂತ ಚೋಳಮಂಡಲ ಕಲಾಗ್ರಾಮಕ್ಕೆ ಸೇರಿದವರು ಆ ವಾಸುದೇವ್. ಕಿಟ್ಟೆಲರ ಮಹಾನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಾಲ್ಕು ಸಂಪುಟಗಳು ಹೊರಬಂದದ್ದು ಮದರಾಸು ವಿಶ್ವವಿದ್ಯಾಲಯದಿಂದ. ನಾವು ಬಾಲ್ಯದಲ್ಲಿ ಓದಿದ 'ಚಂದಮಾಮ' ಅಚ್ಚಾಗುತ್ತಿದ್ದುದು ವಡಪಳನಿಯಲ್ಲಿ. ಈ ಒಂದೊಂದು ಸಂಗತಿಯ ಹಿಂದೆಯೂ ಮನುಷ್ಯರಿದ್ದಾರೆ; ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಾಳಿನ ಈ ಕನ್ನಡದ ಭಾಗವನ್ನು ಕುರಿತು ತಮಿಳು ಪತ್ರಕರ್ತನು ಕೇಳಲಾರನು, ಅವನಿಗೆ ಅದು ತಿಳಿಯದು. ಬೆಂಗಳೂರಿನ ಪತ್ರಕರ್ತನು ಕೇಳಲಾರನು, ಅವನು ಮುನ್ನೂರೈವತ್ತು ಕಿಲೋಮೀಟರ್ ದೂರದಲ್ಲಿದ್ದಾನೆ. ನೀವಾದರೋ ಎರಡು ಬೀದಿಯಾಚೆ ಇದ್ದೀರಿ.

ಈಗ ಒಂದು ಉದಾಹರಣೆ ಕೊಡುತ್ತೇನೆ. "ನಿಮ್ಮ ಮೊದಲ ಚಿತ್ರದ ಅನುಭವ ಹೇಳಿ" ಎಂದು ಮಣಿರತ್ನಂ ಅವರಿಗೆ ಬರೆದರೆ ಆ ಪತ್ರ ನೂರು ಪತ್ರಗಳ ಕಟ್ಟಿನಲ್ಲಿ ಸೇರಿಹೋಗುತ್ತದೆ. ಅದಕ್ಕೆ ಬದಲಾಗಿ, ಆ ಚಿತ್ರವನ್ನು ಮೂರು ಬಾರಿ ನೋಡಿ, "ತಮ್ಮ ಮಾತೃಭಾಷೆಯಲ್ಲದ ಕನ್ನಡದಲ್ಲಿ ಸಂಭಾಷಣೆಯನ್ನು ಚಿತ್ರಿಸುವಾಗ, ನಟರ ಮಾತಿನ ಓಟ ಸಹಜವಾಗಿದೆಯೋ ಇಲ್ಲವೋ ಎಂಬುದನ್ನು ತಾವು ಯಾವುದರಿಂದ ನಿರ್ಣಯಿಸಿಕೊಂಡಿರಿ, ಕಿವಿಯಿಂದಲೋ, ಮುಖಭಾವದಿಂದಲೋ, ಪಕ್ಕದಲ್ಲಿದ್ದ ಕನ್ನಡಿಗರ ತಲೆದೂಗುವಿಕೆಯಿಂದಲೋ?" ಎಂದು ಬರೆದು ನೋಡಿ. ಉತ್ತರ ಬಂದೇ ಬರುವುದೆಂದು ನಾನು ಭಾಷೆ ಕೊಡಲಾರೆ. ಆದರೆ ಆ ಪ್ರಶ್ನೆಯನ್ನು ಓದಿದವರು ಕಾಗದವನ್ನು ಮಡಿಸಿಡುವ ಮುನ್ನ ಒಂದು ಗಳಿಗೆ ಕಿಟಕಿಯಾಚೆ ನೋಡಿಯಾರು. ಸಂದರ್ಶನ ಆರಂಭವಾಗುವುದು ಆ ಗಳಿಗೆಯಲ್ಲಿ.

ಇದೇ ಮಣಿರತ್ನಂ ಅವರೊಡನೆ ಈ ಊರಿನ ಚಿತ್ರವಿಮರ್ಶಕರಾದ ಭರದ್ವಾಜ್ ರಂಗನ್ ಅವರು ನಡೆಸಿದ ದೀರ್ಘ ಸಂಭಾಷಣೆಗಳ ಇಂಗ್ಲಿಷ್ ಗ್ರಂಥವೊಂದು 2012ರಲ್ಲಿ ಪ್ರಕಟವಾಯಿತು. ನಿಮ್ಮಲ್ಲಿ ಕೆಲವರು ಅದನ್ನು ಓದಿರಬಹುದು. ಆ ಗ್ರಂಥ 'ಪಲ್ಲವಿ ಅನುಪಲ್ಲವಿ'ಯಿಂದಲೇ ತೊಡಗಿ ಚಿತ್ರದಿಂದ ಚಿತ್ರಕ್ಕೆ, ಕೃತಿಯ ಕೈಹಿಡಿದು ನಡೆಯುತ್ತದೆ. ವ್ಯಕ್ತಿಯ ಖಾಸಗಿ ಬಾಳನ್ನು ಕೆದಕುವ ಆತುರ ಅದರಲ್ಲಿಲ್ಲ. ಮಾತು ಕಡಮೆ ಆಡುವವರೆಂದು ಹೆಸರಾದ ಕಲಾವಿದರೂ ತಮ್ಮ ಕೆಲಸವನ್ನು ಕುರಿತು, ಆ ಕೆಲಸವನ್ನು ನಿಜವಾಗಿಯೂ ನೋಡಿದವನೊಡನೆ, ಗಂಟೆಗಟ್ಟಲೆ ಮಾತನಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ನಿಮಗೆ ಬೇಡ. ದೂರದ ಸಾಕ್ಷ್ಯ ಬೇಕೆಂದರೆ ಫ್ರಾನ್ಸಿನ ತ್ರುಫೊ ಅವರದ್ದಿದೆ. ಮೂವತ್ತು ವರ್ಷದ ಆ ನಿರ್ದೇಶಕನು 1962ರ ಜೂನ್ ತಿಂಗಳಲ್ಲಿ ಹಿಚ್‌ಕಾಕರಿಗೆ ಒಂದು ಪತ್ರ ಬರೆದನು; ತಮ್ಮ ಚಿತ್ರಜೀವನವೊಂದನ್ನೇ ಕುರಿತು ಅನುಕ್ರಮವಾಗಿ ಐನೂರು ಪ್ರಶ್ನೆಗಳಿಗೆ ಉತ್ತರಿಸುವಿರಾ ಎಂಬುದು ಅದರ ಸಾರ. ಐನೂರು! ಅರ್ಧ ಗಂಟೆಯ ಭಿಕ್ಷೆಯನ್ನು ಬೇಡದೆ ಒಂದು ವಾರವನ್ನೇ ಕೇಳಿದ ಆ ಧೈರ್ಯದ ಹಿಂದೆ ಹಿಚ್‌ಕಾಕರ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಪಡೆದ ಅಧಿಕಾರವಿತ್ತು. ಹಿಚ್‌ಕಾಕರು ತಂತಿಯ ಮೂಲಕ ಒಪ್ಪಿಗೆ ಕಳುಹಿಸಿದರು. ಆಗಸ್ಟ್ ತಿಂಗಳಲ್ಲಿ ಒಂದು ವಾರ ಕಾಲ, ನಡುವೆ ಹೆಲೆನ್ ಸ್ಕಾಟ್ ಎಂಬ ದುಭಾಷಿಯನ್ನು ಕೂರಿಸಿಕೊಂಡು, ಇಬ್ಬರೂ ಮಾತನಾಡಿದರು. ಭಾಷೆಯೇ ಬೇರೆಯಾದ ಇಬ್ಬರ ನಡುವೆ ಅಷ್ಟು ಮಾತು ನಡೆಯಿತೆಂಬುದನ್ನು, ನಿಮ್ಮ ತಮಿಳು ಸಾಲದೆಂದೋ ಅವರ ಕನ್ನಡ ಮರೆತುಹೋಗಿದೆಯೆಂದೋ ಅಂಜುವ ನೀವು ನೆನಪಿಡಿ.

ಕೆಲಸ ಬೇಡಿ ಹೋದವನನ್ನು ಮೇಜಿನ ಮುಂದೆ ಕೂರಿಸಿ ಪರೀಕ್ಷಿಸುವುದಕ್ಕೂ ನಮ್ಮ ಭಾಷೆಯಲ್ಲಿ ಸಂದರ್ಶನವೆಂದೇ ಹೆಸರು. ಪ್ರಖ್ಯಾತರ ಮನೆಗೆ ಹೋದಾಗ ಪ್ರಶ್ನೆ ಕೇಳುವವರು ನೀವಾದರೂ ಪರೀಕ್ಷೆಗೆ ಕುಳಿತವರೂ ನೀವೇ. ಇದನ್ನು ನಾನು ಕಲಿತ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

1980ರ ದಶಕದ ಕೊನೆಯಲ್ಲಿ, ನಾನು ಉದ್ಯೋಗನಿಮಿತ್ತ ಈ ಊರಿಗೆ ಬಂದ ಹೊಸತರಲ್ಲಿ, ಸಾಲಿಗ್ರಾಮಂನಲ್ಲಿ ವಾಸವಾಗಿದ್ದ ಹಿರಿಯ ಪಿಟೀಲು ವಾದಕರೊಬ್ಬರನ್ನು ಕಾಣಬೇಕೆಂಬ ಆಸೆ ಹುಟ್ಟಿತು. ಅವರ ಹೆಸರು ಬೇಡ. ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ಅವರ ಮಾತೆಂದರೆ ಪ್ರಮಾಣವೆನ್ನುತ್ತಿದ್ದರು. ನಾನು ಎರಡು ಪುಟ ತುಂಬ ಅವರ ಕೀರ್ತಿಯನ್ನು ಹೊಗಳಿ, "ತಮ್ಮ ಅಮೂಲ್ಯವಾದ ಜೀವನಾನುಭವಗಳನ್ನು ಕನ್ನಡ ಓದುಗರೊಡನೆ ಹಂಚಿಕೊಳ್ಳಬೇಕು" ಎಂದು ಪ್ರಾರ್ಥಿಸಿ ಪತ್ರ ಹಾಕಿದೆ. ಮೂರು ತಿಂಗಳಾದರೂ ಉತ್ತರವಿಲ್ಲ. ಮನೆಗೆ ಹೋದೆ, ಮೈ ಸರಿಯಿಲ್ಲವೆಂಬ ಉತ್ತರ ಒಳಗಿನಿಂದ ಬಂದಿತು, ಅದರ ಹಿಂದೆಯೇ ಅವರ ಪಿಟೀಲಿನ ಶ್ರುತಿಯೂ ಕೇಳಿಸಿತು. ನನಗೆ ಬಹಳ ಅವಮಾನವಾಯಿತು.

ಆ ಬಳಿಕ ಒಂದು ರಾತ್ರಿ ಹಳೆಯ ಕನ್ನಡ ಚಿತ್ರಗೀತೆಗಳ ಕ್ಯಾಸೆಟ್ಟೊಂದನ್ನು ಹಾಕಿಕೊಂಡು ಕುಳಿತಿದ್ದಾಗ ಒಂದು ಹಾಡಿನಲ್ಲಿ ವಿಚಿತ್ರವಾದುದೊಂದನ್ನು ಗಮನಿಸಿದೆ. ಎರಡನೆಯ ಚರಣಕ್ಕೆ ಮುಂಚೆ ಬರುವ ವಾದ್ಯಭಾಗದಲ್ಲಿ, ಹತ್ತು ಹನ್ನೆರಡು ಪಿಟೀಲುಗಳು ಒಂದಾಗಿ ಏರುತ್ತ ಏರುತ್ತ ಬಂದು, ತಾಳದ ಘಾತಕ್ಕೆ ಅರ್ಧ ಅಕ್ಷರ ಉಳಿದಿರುವಂತೆಯೇ ಥಟ್ಟನೆ ನಿಂತುಹೋಗುತ್ತವೆ. ಆ ಬರಿದಾದ ಜಾಗದಲ್ಲಿ ಕೊಳಲೊಂದೇ ಒಂಟಿಯಾಗಿ ನಡೆದು ಗಾಯಕಿಯ ದನಿಯನ್ನು ತಲಪುತ್ತದೆ. ರಿವೈಂಡ್ ಮಾಡಿ ಮಾಡಿ ಕೇಳಿದೆ. ಮರುದಿನ ಆ ಪಿಟೀಲು ವಾದಕರಿಗೆ ಒಂದು ಅಂಚೆ ಕಾರ್ಡಿನಲ್ಲಿ ನಾಲ್ಕೇ ಸಾಲು ಬರೆದೆ: ಇಂಥ ಹಾಡಿನ ಇಂಥ ಎಡೆಯಲ್ಲಿ ಪಿಟೀಲುಗಳು ಅರ್ಧ ಅಕ್ಷರ ಮೊದಲೇ ನಿಲ್ಲುತ್ತವೆ, ಸ್ವರಲಿಪಿಯಲ್ಲಿಯೇ ಹಾಗೆ ಬರೆದಿತ್ತೋ ಅಥವಾ ಧ್ವನಿಮುದ್ರಣದ ದಿನ ಏನಾದರೂ ನಡೆಯಿತೋ ತಿಳಿಯಬೇಕೆಂಬ ಆಸೆ. ಐದನೆಯ ದಿನ ಉತ್ತರ ಬಂದಿತು. "ಭಾನುವಾರ ಹತ್ತು ಗಂಟೆಗೆ ಬನ್ನಿ" ಎಂಬುದಷ್ಟೇ ಅದರಲ್ಲಿದ್ದುದು.

ಹೋದೆ. ಅವರು ನನ್ನ ಊರನ್ನು ಕೇಳಲಿಲ್ಲ, ಉದ್ಯೋಗವನ್ನು ಕೇಳಲಿಲ್ಲ. ಒಳಗೆ ತಿರುಗಿ ಅಟ್ಟದ ಮೇಲಿನ ಪಿಟೀಲನ್ನು ಇಳಿಸಿ ಕೊಡುವಂತೆ ಮಗನಿಗೆ ಹೇಳಿದರು. ದಿನವೂ ನುಡಿಸುವ ವಾದ್ಯ ಕೈಗೆಟುಕುವಂತೆ ಗೋಡೆಗೊರಗಿತ್ತು. ಇಳಿದು ಬಂದದ್ದು ಅಂದಿನ ಕಾಲದ ಹಳೆಯ ವಾದ್ಯ. ಪೆಟ್ಟಿಗೆಯ ಮೂಲೆಯಲ್ಲಿ ರಾಳದ ಪುಡಿ ಬೆಳ್ಳಗೆ ಕೂತಿತ್ತು. ತಂತಿಗಳನ್ನು ಶ್ರುತಿಗೂಡಿಸುತ್ತಲೇ ಅವರು ಹೇಳತೊಡಗಿದರು. ಒಂದೊಂದು ವಾದ್ಯವನ್ನು ಬೇರೆ ಬೇರೆಯಾಗಿ ಮುದ್ರಿಸಿ ಆಮೇಲೆ ಹೊಂದಿಸುವ ಅನುಕೂಲ ಆಗಿನ್ನೂ ಇರಲಿಲ್ಲ. ಗಾಯಕರೂ ಇಡೀ ವಾದ್ಯವೃಂದವೂ ಒಂದೇ ಕೋಣೆಯಲ್ಲಿ, ಒಂದೇ ಉಸಿರಿನಲ್ಲಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಬೇಕು. ಒಬ್ಬನು ತಪ್ಪಿದರೆ ನಲವತ್ತು ಮಂದಿ ಮತ್ತೆ ಮೊದಲಿನಿಂದ ನುಡಿಸಬೇಕು. ಸದ್ದಾಗುವುದೆಂದು ಫ್ಯಾನುಗಳನ್ನು ನಿಲ್ಲಿಸಿಬಿಡುತ್ತಿದ್ದರು. ಮೇ ತಿಂಗಳ ಮದರಾಸಿನ ಸೆಕೆಯಲ್ಲಿ ಅದು ಹನ್ನೊಂದನೆಯ ಟೇಕ್. ಬೆವರಿಗೆ ಸ್ವರಲಿಪಿಯ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಮುಂದಿನ ಸಾಲಿನವರು ಪುಟ ತಿರುಗಿಸಿದಾಗ ನಡುವಿನ ಪುಟವೇ ಮಾಯವಾಯಿತು. ಅವರು ನಿಂತದ್ದನ್ನು ಕಂಡು ಹಿಂದಿನ ಸಾಲಿನವರೂ ಬಿಲ್ಲನ್ನೆತ್ತಿಬಿಟ್ಟರು. ಕೊಳಲಿನವನೊಬ್ಬನು ಮಾತ್ರ ನಿಲ್ಲಲಿಲ್ಲ. ಹಾಡು ಮುಗಿದ ಮೇಲೆ ಬೈಗುಳಕ್ಕೆ ಸಿದ್ಧರಾಗಿ ಎಲ್ಲರೂ ತಲೆ ತಗ್ಗಿಸಿ ಕುಳಿತಿರಲು, ಸಂಗೀತ ನಿರ್ದೇಶಕರು ಗಾಜಿನ ಕೋಣೆಯಿಂದ ಹೊರಗೆ ಬಂದು, ಇದೇ ಇರಲಿ ಎಂದರಂತೆ. ಇಷ್ಟನ್ನು ಹೇಳಿ ಅವರು ಆ ಏರಿಕೆಯನ್ನು ನುಡಿಸಿ, ಅದೇ ಎಡೆಯಲ್ಲಿ ಬಿಲ್ಲನ್ನೆತ್ತಿ, ಕಣ್ಣು ಮುಚ್ಚಿ, ಬಾರದ ಕೊಳಲಿಗಾಗಿ ಕಿವಿಗೊಟ್ಟು ಕುಳಿತರು. ನಾನು ಆ ಮನೆಯಿಂದ ಹೊರಟಾಗ ಮಧ್ಯಾಹ್ನ ಎರಡು ಗಂಟೆಯಾಗಿತ್ತು.

ಎರಡು ಪುಟದ ಹೊಗಳಿಕೆ ತೆರೆಯದ ಬಾಗಿಲನ್ನು ಅರ್ಧ ಅಕ್ಷರ ಕಾಲದ ಮೌನ ತೆರೆಯಿತು.

ನಿಮಗೆ ಉಪಯುಕ್ತವಾಗಬಹುದಾದ ಕೆಲವು ವ್ಯವಹಾರದ ಮಾತುಗಳನ್ನೂ ಹೇಳುತ್ತೇನೆ. ಮಾರ್ಗಳಿ ಮಾಸದ ಸಂಗೀತೋತ್ಸವದ ದಿನಗಳಲ್ಲಿ, ಎಂದರೆ ಡಿಸೆಂಬರ್ ನಡುವಿನಿಂದ ಜನವರಿಯ ಮೊದಲ ದಿನಗಳವರೆಗೆ, ಯಾವ ವಿದ್ವಾಂಸರನ್ನೂ ಸಮಯ ಕೇಳಬೇಡಿ; ಒಂದು ಸಭೆಯಿಂದ ಇನ್ನೊಂದು ಸಭೆಗೆ ಓಡುತ್ತಿರುವವರಿಗೆ ನಿಮ್ಮ ಮುಖ ನೆನಪಿರದು. ಆದರೆ ಆ ದಿನಗಳಲ್ಲಿಯೇ ಮ್ಯೂಸಿಕ್ ಅಕಾಡೆಮಿಯ ಬೆಳಗಿನ ಸೋದಾಹರಣ ಭಾಷಣಗಳಿಗೆ ತಪ್ಪದೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳಿ. ಪುರಂದರದಾಸರ ಪದವೊಂದನ್ನು ಹಾಡಿದ ವಿದ್ವಾಂಸರು ಒಂದು ಕನ್ನಡ ಶಬ್ದವನ್ನು ಎಲ್ಲಿ ಒಡೆದರು, ಹಾಗೆ ಒಡೆದುದರಿಂದ ಅರ್ಥ ಹೇಗೆ ತಿರುಗಿತು ಎಂಬುದನ್ನು ಆ ಸಭಾಂಗಣದಲ್ಲಿ ನಿಮ್ಮಷ್ಟು ಚೆನ್ನಾಗಿ ಹಿಡಿಯಬಲ್ಲವರು ಬಹಳ ಮಂದಿ ಇರಲಾರರು. ಫೆಬ್ರವರಿಯಲ್ಲಿ, ಊರು ಶಾಂತವಾದ ಮೇಲೆ, ತಪ್ಪು ತೋರಿಸುವ ದನಿಯಲ್ಲಿ ಅಲ್ಲದೆ ತಿಳಿಯಬಯಸುವ ದನಿಯಲ್ಲಿ, ಆ ಒಂದು ಶಬ್ದವನ್ನು ಕುರಿತು ಬರೆಯಿರಿ.

ಪ್ರಖ್ಯಾತರ ಬಳಿಗೆ ನೇರವಾಗಿ ಹೋಗುವ ಮೊದಲು ಅವರ ಸುತ್ತಮುತ್ತ ದುಡಿದವರ ಬಳಿಗೆ ಹೋಗಿ. ಸ್ವರಲಿಪಿಯ ನಕಲು ಬರೆಯುತ್ತಿದ್ದವರು, ಕೋರಸ್ಸಿನಲ್ಲಿ ಹಾಡಿದವರು, ಸಂಕಲನದ ಕೋಣೆಯ ಸಹಾಯಕರು, ಕನ್ನಡ ಸಂಭಾಷಣೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಪರಭಾಷೆಯ ನಟರಿಗೆ ಉಚ್ಚಾರಣೆ ಹೇಳಿಕೊಡುತ್ತಿದ್ದವರು. ಇಂಥವರು ಕೋಡಂಬಾಕ್ಕಂ ಬೀದಿಗಳಲ್ಲಿ ಇನ್ನೂ ಇದ್ದಾರೆ, ಅವರ ಮನೆಗಳಿಗೆ ಕಾವಲುಗಾರರಿಲ್ಲ. ಅವರ ಮಾತನ್ನು ಅವರಿಗಾಗಿಯೇ ಗೌರವದಿಂದ ಬರೆದುಕೊಳ್ಳಿ. ದೊಡ್ಡವರ ಬಾಗಿಲಿಗೆ ಏಣಿಯಾಗಿ ಮಾತ್ರ ಅವರನ್ನು ಬಳಸಿಕೊಂಡರೆ ಅದು ಅವರಿಗೂ ತಿಳಿಯುತ್ತದೆ, ದೊಡ್ಡವರಿಗೂ ತಿಳಿಯುತ್ತದೆ. ಅವರಿಂದ ಕೇಳಿ ತಿಳಿದ ಸಣ್ಣ ಸಂಗತಿಯೊಂದನ್ನು ನೀವು ದೊಡ್ಡವರ ಮುಂದೆ ಇಟ್ಟಾಗ, ಮರೆತುಹೋಗಿದ್ದ ಒಂದು ಮಧ್ಯಾಹ್ನವೇ ಅವರ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ. ಇನ್ನು ಪತ್ರ ಚಿಕ್ಕದಾಗಿರಲಿ. ಅರ್ಧ ಗಂಟೆ ಕೇಳಿದ್ದರೆ ಅರ್ಧ ಗಂಟೆಗೆ ಏಳಿ. ಕೂರಿಸಿಕೊಳ್ಳುವ ಇಚ್ಛೆ ಅವರಿಗಿದ್ದರೆ ಕೂರಿಸಿಕೊಳ್ಳುತ್ತಾರೆ. ಈ ಊರಿನ ಹಿರಿಯ ಕಲಾವಿದರು ತೆಲುಗು, ತಮಿಳು, ಕನ್ನಡಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಿ ಆಡುತ್ತಾರೆ. ಅದನ್ನು ತಡೆಯಬೇಡಿ, ಅವರು ಆಡಿದ ಶಬ್ದವನ್ನು ಆಡಿದಂತೆಯೇ ಬರೆದುಕೊಂಡು ಬನ್ನಿ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಹೇಳದಿದ್ದರೆ ಈ ಪತ್ರಕ್ಕೆ ಯೋಗ್ಯತೆಯಿಲ್ಲ. ಆ ಪಿಟೀಲು ವಾದಕರನ್ನು ನಾನು ಎರಡನೆಯ ಬಾರಿ ಕಂಡಾಗ, ನಡುವೆ ಕಾಫಿಗೆಂದು ಎದ್ದು ನಿಂತು, ತಮ್ಮ ಸಮಕಾಲೀನರಾದ ಒಬ್ಬ ಕಲಾವಿದರಿಂದ ತಮಗಾದ ನೋವೊಂದನ್ನು ಅವರು ತಗ್ಗಿದ ದನಿಯಲ್ಲಿ ಹೇಳಿಕೊಂಡರು. ಧ್ವನಿಮುದ್ರಣದ ಯಂತ್ರ ಓಡುತ್ತಿತ್ತು. ಅದು ಓಡುತ್ತಿರುವುದನ್ನು ನಾನು ಬಲ್ಲೆ, ಅವರು ಮರೆತಿದ್ದರು. ಲೇಖನಕ್ಕೆ ಕಾವೇರುವುದೆಂಬ ಆಸೆಯಿಂದ ಆ ಮಾತನ್ನು ನಾನು ಅಚ್ಚಿಗೆ ಕೊಟ್ಟೆ. ಲೇಖನ ಪ್ರಕಟವಾದ ವಾರದಲ್ಲಿ ಅವರಿಂದ ಒಂದು ಕಾರ್ಡು ಬಂದಿತು: "ಕಾಫಿಗೆ ಎದ್ದಾಗ ಆಡಿದ ಮಾತೂ ಸಂದರ್ಶನವೆಂದು ನನಗೆ ತಿಳಿದಿರಲಿಲ್ಲ." ಕ್ಷಮೆ ಬೇಡಿ ಬರೆದ ಪತ್ರಕ್ಕೆ ಉತ್ತರವಿಲ್ಲ. ತಮ್ಮ ಕೈಬರಹದ ಸ್ವರಲಿಪಿಯ ಪುಸ್ತಕಗಳನ್ನು ಮುಂದಿನ ಬಾರಿ ತೋರಿಸುವೆನೆಂದು ಅವರು ಹೇಳಿದ್ದರು. ಆ ಮುಂದಿನ ಬಾರಿ ಬರಲಿಲ್ಲ. ಅವರು ತೀರಿಕೊಂಡ ಮೇಲೆ ಮನೆ ಮಾರಾಟವಾಗಿ ಆ ಪುಸ್ತಕಗಳು ಎಲ್ಲಿ ಹೋದುವೋ ಇಂದಿಗೂ ನನಗೆ ಗೊತ್ತಿಲ್ಲ. ಆದುದರಿಂದ ಬರೆದ ಪ್ರತಿಯನ್ನು ಅಚ್ಚಿಗೆ ಮುನ್ನ ಅವರಿಗೆ ಓದಿ ಹೇಳಿ. ಇಂಗ್ಲಿಷ್ ಪತ್ರಕರ್ತರಲ್ಲಿ ಹಲವರು ಇದನ್ನು ವೃತ್ತಿಗೆ ವಿರುದ್ಧವೆನ್ನುತ್ತಾರೆ. ಅಧಿಕಾರದಲ್ಲಿರುವ ಮಂತ್ರಿಯ ವಿಷಯದಲ್ಲಿ ಅವರ ಮಾತು ಸರಿಯಿರಬಹುದು. ತನ್ನ ನೆನಪನ್ನು ನಂಬಿ ನಿಮ್ಮ ಕೈಯಲ್ಲಿಟ್ಟ ಎಂಬತ್ತರ ವೃದ್ಧನ ವಿಷಯದಲ್ಲಿ ಅದು ಸರಿಯೆಂದು ನಾನು ಒಪ್ಪಲಾರೆ.

ಇದಕ್ಕಿಂತ ದೊಡ್ಡದಾದ ಇನ್ನೊಂದು ತಪ್ಪಿದೆ. ಉಡುಪಿಯ ಕಡೆಯಿಂದ ಬಂದು ಈ ಊರಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದ ಕೃಷ್ಣರಾಯರು 1962ರಲ್ಲಿ ಕೆಥೀಡ್ರಲ್ ರಸ್ತೆಯ ಮರಗಳ ನಡುವೆ ತೆರೆದ ಡ್ರೈವ್-ಇನ್ ಹೋಟೆಲನ್ನು ನಿಮ್ಮಲ್ಲಿ ಹಿರಿಯರಾದವರು ನೋಡಿರಬಹುದು. 2008ರಲ್ಲಿ ಅದು ಮುಚ್ಚಿ, ಆ ನೆಲ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಗಿದೆ. ಆ ಹೋಟೆಲಿನಲ್ಲಿ ಗಾಯಕರಾದ ಪಿ.ಬಿ. ಶ್ರೀನಿವಾಸ್ ಅವರು ದಿನವೂ ಬಂದು ಕುಳಿತು, ಜೇಬಿನ ತುಂಬ ಬಣ್ಣ ಬಣ್ಣದ ಲೇಖನಿಗಳನ್ನಿಟ್ಟುಕೊಂಡು, ಎಂಟು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ನೋಟ. ಹಲವು ವರ್ಷಗಳ ಕಾಲ ತೆರೆಯ ಮೇಲೆ ರಾಜ್‌ಕುಮಾರ್ ಅವರ ಕಂಠವಾಗಿದ್ದವರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜ್‌ಕುಮಾರ್ ಅವರೇ ಹಾಡಿ, ಆ ಕಂಠ ಬದಲಾದ ತಿರುವನ್ನು ಒಳಗಿನಿಂದ ಕಂಡವರು. ಅವರ ಮನೆಯ ಬಾಗಿಲನ್ನು ತಟ್ಟುವುದೂ ಬೇಕಿರಲಿಲ್ಲ, ಕಾರ್ಯದರ್ಶಿಯ ಅನುಮತಿಯೂ ಬೇಕಿರಲಿಲ್ಲ. ಎದುರಿನ ಕುರ್ಚಿಯನ್ನು ಎಳೆದುಕೊಂಡು ಕುಳಿತರೆ ಸಾಕಾಗಿತ್ತು. ನಾನು ಎಷ್ಟೋ ಸಂಜೆ ನಾಲ್ಕು ಮೇಜುಗಳಾಚೆ ಕುಳಿತು ಕಾಫಿ ಕುಡಿದು, ಮುಂದಿನ ವಾರ ಸಿದ್ಧತೆ ಮಾಡಿಕೊಂಡು ಬಂದು ಕೇಳೋಣವೆಂದು ಎದ್ದು ಹೋಗಿದ್ದೇನೆ. ನಾಳೆಯೂ ಇರುವರು ಎಂಬ ಭಾವನೆ. 2013ರ ಏಪ್ರಿಲ್ 14ರಂದು ಅವರು ತೀರಿಕೊಂಡ ಸುದ್ದಿ ಕೇಳಿದಾಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅವರಿಗೆಂದು ಬರೆದಿಟ್ಟ ಹದಿನೇಳು ಪ್ರಶ್ನೆಗಳಿದ್ದುವು. ಆ ಬಳಿಕ 2020ರ ಸೆಪ್ಟೆಂಬರಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೋದರು, 2023ರ ಫೆಬ್ರವರಿಯಲ್ಲಿ ವಾಣಿ ಜಯರಾಂ ಹೋದರು. ಸಿದ್ಧತೆ ಬೇಕೆಂದು ಈ ಪತ್ರದುದ್ದಕ್ಕೂ ಹೇಳಿದ ನಾನು, ಸಿದ್ಧತೆಯ ಹೆಸರಿನಲ್ಲಿ ಹೊತ್ತು ಕಳೆಯಬೇಡಿರೆಂದೂ ಹೇಳಬೇಕಾಗಿದೆ. ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿತೆಂದರೆ ಅಂದೇ ಹೊರಡಿ. ಉಳಿದ ಹದಿನಾರು ಅಲ್ಲಿಯೇ ಹುಟ್ಟುತ್ತವೆ.

ಮಾತುಕತೆ ಮುಗಿದ ಮೇಲೆ ಅದರ ಗತಿಯೇನೆಂಬುದನ್ನೂ ಯೋಚಿಸಿ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಯನ್ನು ಅಳೆಯಲು ಬಂದ ಕರ್ನಲ್ ಮೆಕೆಂಜಿಯ ಪರವಾಗಿ, ಕಾವಲಿ ಬೊರಯ್ಯ, ಲಕ್ಷ್ಮಯ್ಯ ಎಂಬ ತೆಲುಗು ಸೋದರರೂ ಅವರ ಜೊತೆಗಾರರೂ ಹಳ್ಳಿ ಹಳ್ಳಿಗೆ ಹೋಗಿ, ಶಾನುಭೋಗರನ್ನೂ ಅರ್ಚಕರನ್ನೂ ಪಾಳೆಯಗಾರರ ವಂಶದವರನ್ನೂ ಕೂರಿಸಿಕೊಂಡು ಕೇಳಿ ಬರೆದುಕೊಂಡ ವೃತ್ತಾಂತಗಳೇ ಕೈಫಿಯತ್ತುಗಳು. ಅವುಗಳ ರಾಶಿ ಇಂದಿಗೂ ಈ ಚೆನ್ನೈಯ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿದೆ, ಎಂ.ಎಂ. ಕಲಬುರ್ಗಿಯವರು ಕನ್ನಡದ ಕೈಫಿಯತ್ತುಗಳನ್ನು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಪ್ರಕಟಿಸಿದರು. ಉತ್ತರ ಹೇಳಿದ ಆ ಶಾನುಭೋಗರನ್ನು ಅವರ ಊರೂ ಮರೆತಿದೆ. ಅವರ ಮಾತು ಉಳಿದಿದೆ, ಏಕೆಂದರೆ ಬರೆದುಕೊಂಡವರು ಅದನ್ನು ಜೋಪಾನವಾಗಿ ಒಂದು ಕಡೆ ಸೇರಿಸಿದರು. ನೀವು ಮುದ್ರಿಸಿಕೊಂಡ ಧ್ವನಿಯನ್ನು ಲೇಖನವಾದೊಡನೆ ಅಳಿಸಿಬಿಡಬೇಡಿ. ತಾರೀಕು, ಸ್ಥಳ, ಮಾತನಾಡಿದವರ ಹೆಸರು ಇವನ್ನು ಆರಂಭದಲ್ಲಿಯೇ ನಿಮ್ಮ ದನಿಯಲ್ಲಿ ಹೇಳಿ ಮುದ್ರಿಸಿ, ಎರಡು ಕಡೆ ಪ್ರತಿ ಇಡಿ.

ನನ್ನ ಮನೆಯಲ್ಲಿ ಒಂಬತ್ತು ಕ್ಯಾಸೆಟ್ಟುಗಳಿವೆ. ಎರಡರಲ್ಲಿ ದನಿ ಆಗಲೇ ಮಸುಕಾಗಿದೆ. ಉಳಿದವನ್ನು ಕಂಪ್ಯೂಟರಿಗೆ ಇಳಿಸುವ ವಿದ್ಯೆ ನಿಮ್ಮಲ್ಲಿ ಯಾರಿಗಾದರೂ ತಿಳಿದೀತು. ಆ ಪಿಟೀಲು ವಾದಕರ ಮೊದಲ ಭಾನುವಾರದ ಮಾತು ಅವುಗಳಲ್ಲಿದೆ, ಅವರು ಬಿಲ್ಲನ್ನೆತ್ತಿದ ಮೇಲಿನ ಮೌನವೂ ಇದೆ. ಬರುವ ತಿಂಗಳ ಮೊದಲ ಭಾನುವಾರ ಹತ್ತು ಗಂಟೆಗೆ ಬನ್ನಿ. ಬರುವಾಗ ಪ್ರತಿಯೊಬ್ಬರೂ, ತಾವು ಕಾಣಬೇಕೆಂದಿರುವ ಒಬ್ಬರ ಹೆಸರನ್ನೂ ಅವರನ್ನು ಕೇಳಬೇಕೆಂದಿರುವ ಒಂದೇ ಒಂದು ಪ್ರಶ್ನೆಯನ್ನೂ ಕಾಗದದಲ್ಲಿ ಬರೆದು ತನ್ನಿ. ಕೂಡಿ ಕುಳಿತು ಆ ಪ್ರಶ್ನೆಗಳನ್ನು ತಿದ್ದೋಣ. ಕಾರ್ಡುಗಳನ್ನು ನಾನು ತಂದಿಟ್ಟಿರುತ್ತೇನೆ.

ಇಂತು ನಿಮ್ಮ ಹಿತೈಷಿ,
ಚೆನ್ನೈಯ ಒಬ್ಬ ಹಳೆಯ ಕನ್ನಡಿಗ